ಒಂದು ಪಹಣಿ, ಎರಡು ಕೋಟಿ ಸಾಲು

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಹೊಲ ಇರೋ ಪ್ರತಿ ಮನೆಯಲ್ಲೂ ಒಂದು ಕಾಗದಕ್ಕೆ ವಿಶೇಷ ಮರ್ಯಾದೆ. ಅದು ಪಹಣಿ. ಬ್ಯಾಂಕ್ ಸಾಲಕ್ಕೆ ಪಹಣಿ, ಬೀಜ-ಗೊಬ್ಬರಕ್ಕೆ ಪಹಣಿ, ಬೆಳೆ ವಿಮೆಗೆ ಪಹಣಿ, ಅಣ್ಣ-ತಮ್ಮಂದಿರ ಪಾಲಿಗೆ ಪಹಣಿ, ಪಾಲು ಹೊಂದದೆ ಕೋರ್ಟಿಗೆ ಹೋದರೆ ಅಲ್ಲೂ ಪಹಣಿ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಅದು ಒಂದು ಟೇಬಲ್‌ನ ಒಂದು ಸಾಲು. ಅಷ್ಟೇ.

ಆ ಒಂದು ಸಾಲನ್ನು ಹೊರಗೆ ತೆಗೆಯೋದು ಹೇಗೆ? ಯಾರು ತೆಗೀಬೇಕು? ಒಂದು ಬೇಕಾದಾಗ ಒಂದು, ಲಕ್ಷ ಬೇಕಾದಾಗ ಲಕ್ಷ, ಯಾರನ್ನೂ ಕಾಯಿಸದೆ ಕೊಡೋದು ಹೇಗೆ? ಬೆಂಗಳೂರಿನ ನಮ್ಮ ಆಫೀಸುಗಳಲ್ಲಿ ಈ ಪ್ರಶ್ನೆಗೆ ‘ಲಾರ್ಜ್ ರಿಸಲ್ಟ್ ಸೆಟ್ ಪ್ರಾಬ್ಲಮ್’ ಅಂತ ಹೆಸರು. ವೈಟ್‌ಬೋರ್ಡ್ ಮುಂದೆ ನಿಂತು ಮಾತಾಡುವಾಗ ಇದೇನೋ ಜಾವಾ ಜೊತೆಗೇ ಹುಟ್ಟಿದ ಸಮಸ್ಯೆ ಅನ್ನೋ ಹಾಗೆ ಮಾತಾಡ್ತೀವಿ. ನಮ್ಮ ಬಳ್ಳಾರಿ ಸೀಮೆಯಲ್ಲಿ ಇದಕ್ಕೆ ಇನ್ನೂರು ವರ್ಷ ದಾಟಿದ ಇತಿಹಾಸ ಇದೆ. ಆ ಇತಿಹಾಸವನ್ನೂ ಡೇಟಾಬೇಸ್ ಇತಿಹಾಸವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಚೆನ್ನಾಗಿ ಅರ್ಥ ಆಗ್ತವೆ.

ಮನ್ರೋ ಸಾಹೇಬನ ಟೇಬಲ್

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಗೆದ್ದವರು ನಾಡನ್ನು ಹಂಚಿಕೊಂಡರು. ನಿಜಾಮನ ಪಾಲಿಗೆ ಬಂದ ಸೀಮೆಯನ್ನು ಅವನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ ಕಡೆಯ ಈ ದೊಡ್ಡ ಪ್ರದೇಶಕ್ಕೆ ‘ಸೀಡೆಡ್ ಡಿಸ್ಟ್ರಿಕ್ಟ್ಸ್’ ಅಂತ ಹೆಸರು ಬಿತ್ತು. ಅದರ ಮೊದಲ ಮುಖ್ಯ ಕಲೆಕ್ಟರ್ ಥಾಮಸ್ ಮನ್ರೋ. 1800ರಿಂದ 1807ರವರೆಗೆ ಇಲ್ಲಿದ್ದ.

ಅವನ ಮುಂದೆ ಎರಡು ದಾರಿ ಇದ್ದವು. ಒಂದು, ಬಂಗಾಳದಲ್ಲಿ ಕಾರ್ನ್‌ವಾಲಿಸ್ 1793ರಲ್ಲಿ ಮಾಡಿದ್ದ ಖಾಯಂ ಜಮೀನ್ದಾರಿ ಪದ್ಧತಿ. ಅಲ್ಲಿ ಸರ್ಕಾರಕ್ಕೆ ಗೊತ್ತಿರೋದು ಜಮೀನ್ದಾರ ಒಬ್ಬನೇ. ಅವನ ಕೆಳಗೆ ಎಷ್ಟು ರೈತರು, ಯಾರ ಹೊಲ ಎಷ್ಟು, ಯಾವುದೂ ಸರ್ಕಾರದ ಪುಸ್ತಕದಲ್ಲಿ ಬೇಕಿಲ್ಲ. ಒಂದು ಜಮೀನ್ದಾರಿಗೆ ಒಂದು ಸಾಲು. ಓದೋದು ಸುಲಭ, ಕೂಡಿಸೋದು ಸುಲಭ. ಆದರೆ ರೈತ ಅನ್ನೋನು ಆ ಟೇಬಲ್‌ನಲ್ಲಿ ಇರೋದೇ ಇಲ್ಲ.

ಮನ್ರೋ ಹಿಡಿದದ್ದು ಇನ್ನೊಂದು ದಾರಿ, ರೈತವಾರಿ. ಪ್ರತಿ ಹೊಲ ಅಳಿ, ಪ್ರತಿ ರೈತನ ಹೆಸರು ಬರಿ, ಪ್ರತಿಯೊಬ್ಬನ ಜೊತೆ ನೇರವಾಗಿ ಕಂದಾಯ ಗೊತ್ತು ಮಾಡು. ಅಳತೆಗೆ ಅವನು ಬಳಸಿದ ಸರಪಳಿ 33 ಅಡಿಯದ್ದು. 33 ಅಡಿಗೆ 33 ಅಡಿ ಅಂದರೆ 1,089 ಚದರ ಅಡಿ. ಅಂಥ 40 ತುಂಡು ಸೇರಿದರೆ ಸರಿಯಾಗಿ ಒಂದು ಎಕರೆ. ಇವತ್ತು ಕರ್ನಾಟಕದಲ್ಲಿ ನಾವು ಗುಂಟೆ ಅನ್ನೋದೂ ಅದೇ ಅಳತೆ. ಮದ್ರಾಸಿನ ರೂಢಿಯಲ್ಲಿ ಆಮೇಲೆ ಎಕರೆಯನ್ನು ನೂರು ಭಾಗ ಮಾಡಿದ ‘ಸೆಂಟ್ಸ್’ ಬಂತು. ನಮ್ಮ ಕಡೆ ಹಿರೇರು ಈಗಲೂ ಸೆಂಟ್ಸ್ ಲೆಕ್ಕದಲ್ಲೇ ಮಾತಾಡೋದು ಅದಕ್ಕೇ.

ಮನ್ರೋ ದೇವಮಾನವ ಏನಲ್ಲ. ಕಂಪನಿಗೆ ಕಂದಾಯ ವಸೂಲಿ ಮಾಡೋಕೆ ಬಂದವನು, ಈ ಸೀಮೆಯ ಪಾಳೇಗಾರರನ್ನು ಬಗ್ಗುಬಡಿದವನು. ಆದರೆ ಡೇಟಾ ಮಾಡೆಲಿಂಗ್ ದೃಷ್ಟಿಯಿಂದ ನೋಡಿ: ಇಡೀ ಸೀಮೆಗೆ ಸಾವಿರ ಸಾಲು ಸಾಕಾಗೋ ಕಡೆ ಅವನು ಲಕ್ಷಗಟ್ಟಲೆ ಸಾಲು ಹುಟ್ಟಿಸಿದ. ಹೊಲಕ್ಕೊಂದು ಸಾಲು ಅಂತ ತೀರ್ಮಾನ ಮಾಡಿದ ದಿನವೇ ದೊಡ್ಡ ರಿಸಲ್ಟ್ ಸೆಟ್ ಸಮಸ್ಯೆಯೂ ಹುಟ್ಟಿತು. ಅವನು ಹೋದ ಮೇಲೆ ಮದ್ರಾಸ್ ಸರ್ಕಾರ ಇಷ್ಟೊಂದು ಲೆಕ್ಕ ಯಾಕೆ ಅಂತ ಇಡೀ ಹಳ್ಳಿಯನ್ನೇ ಗುತ್ತಿಗೆಗೆ ಕೊಡೋ ಪದ್ಧತಿ ತಂತು. ಅಂದರೆ ಹಳ್ಳಿಗೊಂದು ಸಾಲು. ಅದು ಕೆಟ್ಟು ಕೂತಿತು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆಗಿ ವಾಪಸ್ ಬಂದಾಗ ರೈತವಾರಿಯೂ ವಾಪಸ್ ಬಂತು. ಸಾಲು ಕಮ್ಮಿ ಮಾಡಿ ಸಮಸ್ಯೆ ಬಗೆಹರಿಸ್ತೀನಿ ಅನ್ನೋರಿಗೆ ಇದು ಹಳೇ ಪಾಠ.

ಶಾನುಭೋಗರ ಇಂಡೆಕ್ಸ್

ಇಷ್ಟು ಸಾಲುಗಳನ್ನು ಓದುತ್ತಿದ್ದದ್ದು ಯಾರು? ಹಳ್ಳಿಯ ಶಾನುಭೋಗರು. ಮದ್ರಾಸ್ ಕಡೆಯ ಮಾತಿನಲ್ಲಿ ಕರಣಂ. ಬಟ್ಟೆಯಲ್ಲಿ ಸುತ್ತಿದ ದಫ್ತರದ ಗಂಟು ಅವರ ಮನೆಯಲ್ಲೇ ಇರುತ್ತಿತ್ತು. ಯಾವ ಸರ್ವೆ ನಂಬರ್ ಯಾವ ಗಂಟಿನಲ್ಲಿ, ಯಾರ ಹೊಲದ ಪಕ್ಕ ಯಾರ ಹೊಲ, ಎಲ್ಲ ಅವರಿಗೆ ಬಾಯಿಪಾಠ. ಇವತ್ತಿನ ಭಾಷೆಯಲ್ಲಿ ಅವರೇ ಡೇಟಾ, ಅವರೇ ಇಂಡೆಕ್ಸ್, ಅವರೇ ಕ್ವೆರಿ ಎಂಜಿನ್.

ಆ ವ್ಯವಸ್ಥೆಯ ವಿನ್ಯಾಸ ನಿಜಕ್ಕೂ ಜಾಣತನದ್ದು. ಜಿಲ್ಲೆಯ ಕೆಳಗೆ ತಾಲ್ಲೂಕು, ತಾಲ್ಲೂಕಿನ ಕೆಳಗೆ ಹೋಬಳಿ, ಅದರ ಕೆಳಗೆ ಹಳ್ಳಿ, ಹಳ್ಳಿಯಲ್ಲಿ ಸರ್ವೆ ನಂಬರ್, ಅದರಲ್ಲಿ ಹಿಸ್ಸಾ. ಮೇಲಿಂದ ಇಳಿಯುತ್ತಾ ಬಂದರೆ ನಾಲ್ಕೈದು ಹೆಜ್ಜೆಯಲ್ಲಿ ನಿಮ್ಮ ಹೊಲ ಸಿಗುತ್ತೆ. 1970ರ ಸುಮಾರಿಗೆ ಬೋಯಿಂಗ್ ಕಂಪನಿಯ ಪ್ರಯೋಗಾಲಯದಲ್ಲಿ ರುಡಾಲ್ಫ್ ಬಾಯರ್, ಎಡ್ವರ್ಡ್ ಮೆಕ್ರೈಟ್ ಕಂಡುಹಿಡಿದ ಬಿ-ಟ್ರೀ ಮಾಡೋದೂ ಸರಿಸುಮಾರು ಇದೇ ಕೆಲಸ: ಎಲ್ಲ ಹಾಳೆ ತಿರುವದೆ, ಕೆಲವೇ ಹೆಜ್ಜೆ ಇಳಿದು ಬೇಕಾದ ಜಾಗ ಮುಟ್ಟೋದು.

ಇನ್ನೊಂದು ಜಾಣತನ ಜಮಾಬಂದಿ. ವರ್ಷಕ್ಕೊಮ್ಮೆ ಲೆಕ್ಕ ತಾಳೆ ನೋಡುವಾಗ ಹಳ್ಳಿಯ ಎಲ್ಲ ಸಾಲುಗಳನ್ನು ಯಾರೂ ಮದ್ರಾಸಿಗೆ ಹೊತ್ತು ಹೋಗುತ್ತಿರಲಿಲ್ಲ. ಹಳ್ಳಿಯಲ್ಲಿ ಕೂಡಿಸಿದ ಮೊತ್ತ ತಾಲ್ಲೂಕಿಗೆ, ತಾಲ್ಲೂಕಿನ ಮೊತ್ತ ಜಿಲ್ಲೆಗೆ, ಜಿಲ್ಲೆಯ ಮೊತ್ತ ಮದ್ರಾಸಿಗೆ. ಡೇಟಾ ಇರೋ ಕಡೆಯೇ ಲೆಕ್ಕ ಮುಗಿಸಿ ಉತ್ತರ ಮಾತ್ರ ಮೇಲಕ್ಕೆ ಕಳಿಸೋದು. ಇವತ್ತಿಗೂ ಎಷ್ಟೋ ಜಾವಾ ಪ್ರೋಗ್ರಾಮ್‌ಗಳು ಹತ್ತು ಲಕ್ಷ ಸಾಲು ಎಳೆದು ತಂದು, ಲೂಪ್ ಹಾಕಿ, ಒಂದು ಮೊತ್ತ ಕೂಡಿಸಿ, ಹತ್ತು ಲಕ್ಷ ಸಾಲು ಬಿಸಾಡುತ್ತವೆ. ಅದನ್ನು ಡೇಟಾಬೇಸ್ ಒಳಗೇ ಒಂದು ‘ಸಮ್’, ಒಂದು ‘ಗ್ರೂಪ್ ಬೈ’ ಮಾಡಿ ಮುಗಿಸಬಹುದು. ಶಾನುಭೋಗರಿಗೆ ಗೊತ್ತಿದ್ದದ್ದು ನಮ್ಮ ಕೋಡ್‌ಗೆ ಗೊತ್ತಿರಲ್ಲ.

ಆದರೆ ಇಂಡೆಕ್ಸ್ ಒಬ್ಬ ಮನುಷ್ಯನ ತಲೆಯಲ್ಲಿದ್ದರೆ ಏನಾಗುತ್ತೆ? ಆ ಮನುಷ್ಯನ ಮುಂದೆ ಕೈ ಕಟ್ಟಿ ನಿಲ್ಲಬೇಕಾಗುತ್ತೆ. ಪಹಣಿ ಬೇಕಾ, ನಾಳೆ ಬಾ. ಪಾಲಾದ ಮೇಲೆ ಖಾತೆ ಬದಲಾಗಬೇಕಾ, ಸುಗ್ಗಿ ಮುಗಿದ ಮೇಲೆ ನೋಡೋಣ. ವಂಶಪಾರಂಪರ್ಯ ಶಾನುಭೋಗಿಕೆಯನ್ನು ರಾಜ್ಯ ಸರ್ಕಾರ 1961ರ ಕಾಯ್ದೆ ಮೂಲಕ ತೆಗೆಯಿತು, 1963ರಿಂದ ಅದು ಜಾರಿಗೆ ಬಂತು. ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಗಂಟು ಹೊಸಬರ ಕೈಗೆ ಹೋಯಿತು, ಓದೋ ದಾರಿ ಮಾತ್ರ ಹಾಗೇ ಉಳಿಯಿತು. ಮುಂದಿನ ಮೂವತ್ತು-ಮೂವತ್ತೈದು ವರ್ಷ ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ, ಒಬ್ಬೊಬ್ಬರ ಕೈಯಲ್ಲಿ ಮೂರು-ನಾಲ್ಕು ಹಳ್ಳಿಯಂತೆ, ಕೈಬರಹದ ಪುಸ್ತಕಗಳಲ್ಲೇ ಎಲ್ಲರ ಜಮೀನು ಇತ್ತು.

ಅತ್ತ ಕ್ಯಾಲಿಫೋರ್ನಿಯಾದಲ್ಲಿ

ಇದೇ ಹೊತ್ತಿಗೆ ಕಂಪ್ಯೂಟರ್ ಲೋಕದಲ್ಲೂ ಶಾನುಭೋಗರ ಕಾಲ ನಡೀತಿತ್ತು. 1960ರ ದಶಕದ ಡೇಟಾಬೇಸ್‌ಗಳಲ್ಲಿ ಒಂದು ದಾಖಲೆ ಬೇಕೆಂದರೆ ಪ್ರೋಗ್ರಾಮರ್ ತಾನೇ ದಾರಿ ಹಿಡಿದು ಹೋಗಬೇಕು: ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಮುಂದಿನದಕ್ಕೆ. ಚಾರ್ಲ್ಸ್ ಬಾಕ್‌ಮನ್ 1973ರ ತನ್ನ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಪ್ರೋಗ್ರಾಮರನ್ನು ‘ನ್ಯಾವಿಗೇಟರ್’ ಅಂತಲೇ ಕರೆದ. ದಾರಿ ಗೊತ್ತಿದ್ದವನೇ ದೊರೆ.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಒಂದು ಲೇಖನ ಬರೆದ. ಅದರ ಶೀರ್ಷಿಕೆಯಲ್ಲೇ ‘ದೊಡ್ಡ ಹಂಚಿಕೆಯ ಡೇಟಾ ಬ್ಯಾಂಕುಗಳು’ ಅನ್ನೋ ಅರ್ಥದ ಮಾತಿದೆ. ಅವನು ಹೇಳಿದ್ದರ ಸಾರ ಇಷ್ಟು: ಬಳಸೋನಿಗೆ ಡೇಟಾ ಒಳಗೆ ಹೇಗೆ ಜೋಡಿಸಿದ್ದಾರೆ ಅನ್ನೋದು ಗೊತ್ತಿರಬೇಕಾಗಿಲ್ಲ. ಏನು ಬೇಕು ಅಂತ ಹೇಳಲಿ, ಹೇಗೆ ತರೋದು ಅನ್ನೋದು ಯಂತ್ರದ ತಲೆನೋವು. ಅದರ ಮೇಲೆ ಐಬಿಎಂನ ಸಿಸ್ಟಮ್ ಆರ್ ಯೋಜನೆ ನಡೆಯಿತು, ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಮುಂದಿಟ್ಟ ಭಾಷೆಯೇ ಆಮೇಲೆ ಎಸ್‌ಕ್ಯೂಎಲ್ ಆಯಿತು.

ಆದರೆ ಒಂದು ತೊಡಕು. ಎಸ್‌ಕ್ಯೂಎಲ್ ಉತ್ತರ ಕೊಡೋದು ಗುಂಪಾಗಿ. ‘ಹಡಗಲಿ ತಾಲ್ಲೂಕಿನ ಖುಷ್ಕಿ ಹೊಲ ಎಲ್ಲ ಕೊಡು’ ಅಂದರೆ ಎಲ್ಲವನ್ನೂ ಒಟ್ಟಿಗೆ ಮುಂದಿಡುತ್ತೆ. ಪ್ರೋಗ್ರಾಮ್ ಬರೆಯೋ ಭಾಷೆಗಳು ಕೆಲಸ ಮಾಡೋದು ಒಂದೊಂದಾಗಿ. ನೀರು ಕೆರೆಯಲ್ಲಿದೆ, ಕೈಯಲ್ಲಿರೋದು ಒಂದು ಚೊಂಬು. ಈ ನಡುವಿನ ಸೇತುವೆಯೇ ಕರ್ಸರ್. ಕ್ವೆರಿಯ ಉತ್ತರದ ಮೇಲೆ ಒಂದು ಬೆರಳು ಇಟ್ಟುಕೊಂಡು ‘ಮುಂದಿನದು, ಮುಂದಿನದು’ ಅಂತ ಸರಿಸುತ್ತಾ ಹೋಗೋದು. ಪಹಣಿ ಪುಸ್ತಕದ ಮೇಲೆ ಗ್ರಾಮ ಲೆಕ್ಕಿಗರು ಬೆರಳಿಟ್ಟು ಓದ್ತಿದ್ದರಲ್ಲ, ಹಾಗೆ. ದೊಡ್ಡ ಉತ್ತರಗಳನ್ನು ಸಂಭಾಳಿಸೋ ಮುಂದಿನ ಕಥೆಯೆಲ್ಲ ಈ ಬೆರಳಿನ ಕಥೆ.

ಜಾವಾ ಬಂತು, ಚೊಂಬಿನ ಸೈಜು ಮರೆತುಹೋಯಿತು

ಜಾವಾ ಹೊರಬಂದದ್ದು 1995ರಲ್ಲಿ. ಡೇಟಾಬೇಸ್ ಜೊತೆ ಮಾತಾಡೋಕೆ ಜೆಡಿಬಿಸಿ 1997ರಲ್ಲಿ ಜೆಡಿಕೆ 1.1 ಜೊತೆ ಸೇರಿತು. ಅದರ ‘ರಿಸಲ್ಟ್‌ಸೆಟ್’ ಅನ್ನೋದು ಕರ್ಸರ್‌ನ ಮೊಮ್ಮಗ. ‘ನೆಕ್ಸ್ಟ್’ ಅಂದರೆ ಮುಂದಿನ ಸಾಲು. ಮುಂದಿನ ವರ್ಷ ಜೆಡಿಬಿಸಿ 2.0ರಲ್ಲಿ ‘ಸೆಟ್‌ಫೆಚ್‌ಸೈಜ್’ ಬಂತು. ಒಂದು ಸಲಕ್ಕೆ ಎಷ್ಟು ಸಾಲು ತರಬೇಕು ಅಂತ ಡ್ರೈವರ್‌ಗೆ ಕೊಡೋ ಸೂಚನೆ. ಅಂದರೆ ಚೊಂಬಿನ ಸೈಜು.

ಇದು ಎಷ್ಟು ಮುಖ್ಯ ಅಂತ ಒಂದು ಸಣ್ಣ ಲೆಕ್ಕ ಮಾಡೋಣ. ಒರಾಕಲ್ ಡ್ರೈವರ್ ನೀವು ಏನೂ ಹೇಳದಿದ್ದರೆ ಒಂದು ಸಲಕ್ಕೆ 10 ಸಾಲು ತರುತ್ತೆ. ಒಂದು ಲಕ್ಷ ಸಾಲಿಗೆ 10,000 ಸಲ ಹೋಗಿಬರಬೇಕು. ಒಂದೇ ಕಟ್ಟಡದಲ್ಲಿ ಹೋಗಿಬರೋಕೆ ಒಂದು ಮಿಲಿಸೆಕೆಂಡ್ ಅಂದುಕೊಳ್ಳಿ, ಬರೀ ಓಡಾಟಕ್ಕೇ 10 ಸೆಕೆಂಡ್. ಸರ್ವರ್ ಅಮೆರಿಕದಲ್ಲಿದ್ದು ಹೋಗಿಬರೋಕೆ 200 ಮಿಲಿಸೆಕೆಂಡ್ ಬೇಕಾದರೆ 2,000 ಸೆಕೆಂಡ್, ಅಂದರೆ ಅರ್ಧ ಗಂಟೆಗೂ ಜಾಸ್ತಿ. ಅದನ್ನೇ 500 ಸಾಲಿನಂತೆ ತಂದರೆ 200 ಓಡಾಟ, 40 ಸೆಕೆಂಡ್. ಕೋಡ್‌ನಲ್ಲಿ ಬದಲಾದದ್ದು ಒಂದು ಸಾಲು.

ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಡ್ರೈವರ್‌ಗಳದ್ದು ಇದಕ್ಕೆ ತದ್ವಿರುದ್ಧ ಸ್ವಭಾವ. ಏನೂ ಹೇಳದಿದ್ದರೆ ಇಡೀ ಉತ್ತರವನ್ನು ಒಂದೇ ಸಲ ಎಳೆದು ನಿಮ್ಮ ಮೆಮೊರಿಯಲ್ಲಿ ಸುರಿಯುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಫೆಚ್ ಸೈಜ್ ಹೇಳಿದರೂ ಸಾಲದು. ಆಟೋಕಮಿಟ್ ಆಫ್ ಇರಬೇಕು, ರಿಸಲ್ಟ್‌ಸೆಟ್ ಮುಂದಕ್ಕೆ ಮಾತ್ರ ಓದುವಂಥದ್ದಾಗಿರಬೇಕು. ಇಲ್ಲವಾದರೆ ಸದ್ದಿಲ್ಲದೆ ಎಲ್ಲವನ್ನೂ ತರುತ್ತೆ. ಮೈಎಸ್‌ಕ್ಯೂಎಲ್‌ನಲ್ಲಿ ಒಂದೊಂದೇ ಸಾಲು ಹರಿದು ಬರಬೇಕೆಂದರೆ ಫೆಚ್ ಸೈಜ್ ಜಾಗದಲ್ಲಿ ಜಾವಾದ ಅತಿ ಸಣ್ಣ ಇಂಟಿಜರ್ ಕೊಡಬೇಕು. ವಿಚಿತ್ರ, ಆದರೆ ನಿಜ. ಡೆವಲಪರ್ ಲ್ಯಾಪ್‌ಟಾಪ್‌ನಲ್ಲಿ ಇನ್ನೂರು ಸಾಲಿನ ಟೆಸ್ಟ್ ಡೇಟಾ ಇದ್ದಾಗ ಇದ್ಯಾವುದೂ ಗೊತ್ತಾಗಲ್ಲ. ಒಂದು ಸಾಲಿಗೆ ಒಂದು ಕೆಬಿ ಅಂತ ಹಿಡಿದರೂ ಎರಡು ಕೋಟಿ ಸಾಲು ಅಂದರೆ 20 ಜಿಬಿ. ಹೀಪ್ 4 ಜಿಬಿ ಇದ್ದರೆ ‘ಔಟ್ ಆಫ್ ಮೆಮೊರಿ’ ಬರಲೇಬೇಕು. ಮನೆ ತುಂಬ ಜೋಳದ ಚೀಲ ಒಟ್ಟಿ ಆಮೇಲೆ ಕೂರೋಕೆ ಜಾಗ ಇಲ್ಲ ಅಂದ ಹಾಗೆ.

ಆಮೇಲೆ ಬಂದ ಫ್ರೇಮ್‌ವರ್ಕ್‌ಗಳು ಕೆಲಸ ಸುಲಭ ಮಾಡಿದವು, ಜೊತೆಗೆ ಈ ವಿಷಯವನ್ನು ಇನ್ನೂ ಒಳಗೆ ಮುಚ್ಚಿಟ್ಟವು. 2001ರಲ್ಲಿ ಗೇವಿನ್ ಕಿಂಗ್ ಶುರು ಮಾಡಿದ ಹೈಬರ್ನೇಟ್ ತಾನು ಓದಿದ ಪ್ರತಿ ವಸ್ತುವನ್ನೂ ಸೆಷನ್ ಮುಗಿಯೋವರೆಗೆ ನೆನಪಿಟ್ಟುಕೊಳ್ಳುತ್ತೆ. ನೂರು ಸಾಲಿಗೆ ಅದು ಉಪಕಾರ, ಹತ್ತು ಲಕ್ಷಕ್ಕೆ ಅದೇ ಉರುಳು. ಅದಕ್ಕೇ ಅದರಲ್ಲಿ ನೆನಪಿಟ್ಟುಕೊಳ್ಳದ ‘ಸ್ಟೇಟ್‌ಲೆಸ್ ಸೆಷನ್’ ಬೇರೆ ಇದೆ. ನೂರು ಪಹಣಿ ತಂದು, ಪ್ರತಿ ಪಹಣಿಯ ಮಾಲೀಕನ ಹೆಸರಿಗೆ ಮತ್ತೆ ಒಂದೊಂದು ಕ್ವೆರಿ ಹಾಕೋದು ಇನ್ನೊಂದು ಚಟ. ಒಟ್ಟು 101 ಕ್ವೆರಿ. ಒಂದೊಂದು ಹೆಸರಿಗೂ ಹಳ್ಳಿಯಿಂದ ಬಸ್ಸು ಹತ್ತಿ ತಾಲ್ಲೂಕು ಕಚೇರಿಗೆ ಹೋಗಿಬಂದಂತೆ. ಜೆಪಿಎ 2.2ರಲ್ಲಿ, 2017ರಲ್ಲಿ, ‘ಗೆಟ್‌ರಿಸಲ್ಟ್‌ಸ್ಟ್ರೀಮ್’ ಬಂದಾಗ ಜನ ಖುಷಿಪಟ್ಟರು. ಆದರೆ ಅದರ ಮೂಲ ರೂಪ ಪೂರ್ತಿ ಲಿಸ್ಟ್ ತಂದು ಅದನ್ನೇ ಸ್ಟ್ರೀಮ್ ಅಂತ ಕೊಡುತ್ತೆ. ಹೆಸರು ಹೊಳೆ, ಒಳಗಿರೋದು ಟ್ಯಾಂಕು. ನೀವು ಬಳಸೋ ಲೈಬ್ರರಿ ಅದನ್ನು ನಿಜವಾಗಿ ಹರಿಯೋ ಹಾಗೆ ಬರೆದಿದೆಯಾ ಅಂತ ನೋಡಿಕೊಳ್ಳಬೇಕು.

ಇನ್ನು ಪುಟ ಪುಟವಾಗಿ ತೋರಿಸೋ ಸಂಗತಿ. ವೆಬ್ ಬಂದ ಮೇಲೆ ಕರ್ಸರ್ ತೆರೆದಿಟ್ಟು ಕಾಯೋದು ಕಷ್ಟ ಆಯಿತು. ಬಳಕೆದಾರ ಮೊದಲ ಪುಟ ನೋಡಿ ಟೀ ಕುಡಿಯೋಕೆ ಹೋದರೆ ಕನೆಕ್ಷನ್ ಅಲ್ಲೀವರೆಗೆ ಅವನಿಗೇ ಕಟ್ಟಿಬಿದ್ದಿರುತ್ತೆ, ಕೌಂಟರ್ ಮುಂದೆ ಬಾಕಿಯವರು ಸಾಲು ನಿಂತಿರ್ತಾರೆ. ಹಾಗಾಗಿ ‘ಆಫ್‌ಸೆಟ್’ ರೂಢಿಗೆ ಬಂತು: ಮೊದಲ 49,950 ಬಿಡು, ಆಮೇಲಿನ 50 ಕೊಡು. ಕೇಳೋಕೆ ಚೆನ್ನಾಗಿದೆ. ಆದರೆ ಬಿಡೋದಕ್ಕೂ ಡೇಟಾಬೇಸ್ ಅವನ್ನೆಲ್ಲ ಎಣಿಸಲೇಬೇಕು. ಸಾವಿರನೇ ಪುಟಕ್ಕೆ ಹೋದಷ್ಟೂ ನಿಧಾನ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀವು ಪುಟ ತಿರುಗಿಸೋ ನಡುವೆ ಹಿಂದಿನ ಪುಟದಲ್ಲಿದ್ದ ಒಂದು ಸಾಲು ಯಾರೋ ಅಳಿಸಿದರೆ, ಮುಂದಿನ ಪುಟದ ಮೊದಲ ಸಾಲು ಹಿಂದಕ್ಕೆ ಜಾರಿ ನಿಮ್ಮ ಕಣ್ಣಿಗೇ ಬೀಳಲ್ಲ.

ಇದಕ್ಕೆ ಮದ್ದು ಹಳ್ಳಿಯಲ್ಲೇ ಇತ್ತು. ಗ್ರಾಮ ಲೆಕ್ಕಿಗರು ನಿನ್ನೆ ಎಲ್ಲಿಗೆ ನಿಲ್ಲಿಸಿದೆ ಅನ್ನೋದನ್ನು ‘4,213ನೇ ಸಾಲು’ ಅಂತ ನೆನಪಿಟ್ಟುಕೊಳ್ಳಲ್ಲ. ‘ಸರ್ವೆ ನಂಬರ್ 142, ಹಿಸ್ಸಾ 3ರವರೆಗೆ ಆಯಿತು’ ಅಂತಾರೆ. ಮರುದಿನ ಅದರ ಮುಂದಿನದು. ಇದನ್ನೇ ಈಗ ಕೀಸೆಟ್ ಪೇಜಿನೇಷನ್ ಅಂತೀವಿ. ಇಂಡೆಕ್ಸ್ ನೇರ ಆ ಜಾಗಕ್ಕೆ ಇಳಿಯುತ್ತೆ, ಸಾವಿರನೇ ಪುಟವೂ ಮೊದಲನೇ ಪುಟದಷ್ಟೇ ಬೇಗ. ಒಂದು ಎಚ್ಚರ ಬೇಕು: ಸರ್ವೆ ನಂಬರನ್ನು ಪಠ್ಯವಾಗಿ ಇಟ್ಟಿದ್ದರೆ 1 ಆದ ಮೇಲೆ 10, 100, ಆಮೇಲೆ 2 ಬರುತ್ತೆ. ಅಂಕೆ ಬೇರೆ, ಹಿಸ್ಸಾದ ಅಕ್ಷರ ಬೇರೆ ಕಾಲಂನಲ್ಲಿ ಇಟ್ಟರೆ ಒಳ್ಳೇದು.

ಭೂಮಿ

ಈಗ ಎರಡೂ ದಾರಿ ಕೂಡೋ ಜಾಗಕ್ಕೆ ಬಂದ್ವಿ. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ, ಎನ್‌ಐಸಿ ಬರೆದ ಸಾಫ್ಟ್‌ವೇರ್‌ನಲ್ಲಿ, ಕರ್ನಾಟಕದ ‘ಭೂಮಿ’ ಯೋಜನೆ ರೂಪುಗೊಂಡಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಏರಿದವು. 2002ರ ಹೊತ್ತಿಗೆ ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗುತ್ತಿತ್ತು. ಖಾತೆ ಬದಲಾವಣೆ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲು ಅನ್ನೋ ನಿಯಮ. ಸರದಿ ತಪ್ಪಿಸೋಕೆ ಸಾಫ್ಟ್‌ವೇರ್ ಬಿಡಲ್ಲ. ಯಾರು ಬದಲಿಸಿದರು ಅನ್ನೋದಕ್ಕೆ ಅಧಿಕಾರಿಯ ಬೆರಳಚ್ಚು.

ಅದು ಯಾವ ಭಾಷೆಯಲ್ಲಿ ಬರೆದದ್ದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ವಿನ್ಯಾಸ ನೋಡಿ. ಮೊದಲಿಗೆ ತಾಲ್ಲೂಕಿಗೊಂದು ಸರ್ವರ್ ಇಟ್ಟರು. ಎರಡು ಕೋಟಿಯ ಬೆಟ್ಟವನ್ನು ನೂರೆಪ್ಪತ್ತಕ್ಕೂ ಹೆಚ್ಚು ತಾಲ್ಲೂಕುಗಳ ಗುಡ್ಡೆ ಮಾಡಿದರು. ಕೂಡ್ಲಿಗಿಯ ರೈತ ಕೂಡ್ಲಿಗಿಯ ಸರ್ವರ್ ಕೇಳ್ತಾನೆ, ಬೀದರಿನ ಸಾಲುಗಳು ಅವನ ದಾರಿಗೆ ಅಡ್ಡ ಬರಲ್ಲ. ಇವತ್ತು ನಾವು ಶಾರ್ಡಿಂಗ್ ಅನ್ನೋದು ಅದನ್ನೇ. ಆಮೇಲೆ ನೆಟ್‌ವರ್ಕ್ ಸುಧಾರಿಸಿದಂತೆ ಡೇಟಾ ಬೆಂಗಳೂರಿಗೆ ಬಂತು, ಪಹಣಿ ನಾಡಕಚೇರಿಯಲ್ಲೂ, ಕೊನೆಗೆ ಮೊಬೈಲ್‌ನಲ್ಲೂ ಸಿಗೋ ಹಾಗಾಯಿತು.

ಹರಪನಹಳ್ಳಿಯ ಐದು ವಿಳಾಸ

ಡೇಟಾವನ್ನು ಜಾಗದ ಹೆಸರಿನ ಮೇಲೆ ಭಾಗ ಮಾಡಿದರೆ ಒಂದು ಅಪಾಯ ಇದೆ. ಹೊಲ ಅಲ್ಲೇ ಇರುತ್ತೆ, ಜಾಗದ ಹೆಸರು ಬದಲಾಗುತ್ತೆ. ಹರಪನಹಳ್ಳಿಯನ್ನೇ ತಗೊಳ್ಳಿ. 1953ಕ್ಕೆ ಮೊದಲು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ರಿಂದ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆ. ಅದೇ ದಿನ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಕಳಚಿ ಆಂಧ್ರಕ್ಕೆ ಹೋದವು. 1997ರಲ್ಲಿ ಹರಪನಹಳ್ಳಿ ಹೊಸ ದಾವಣಗೆರೆ ಜಿಲ್ಲೆಗೆ. 2018ರಲ್ಲಿ ವಾಪಸ್ ಬಳ್ಳಾರಿಗೆ. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ, ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಕೊಟ್ಟೂರಿನ ಜೊತೆ. ಕೊಟ್ಟೂರು ಅಂತೂ ಕೂಡ್ಲಿಗಿ ತಾಲ್ಲೂಕಿನಿಂದ ಬೇರೆಯಾಗಿ ತಾನೇ ತಾಲ್ಲೂಕಾದದ್ದು ಈಚೆಗೆ. ಉಚ್ಚಂಗಿದುರ್ಗದ ಕೆಳಗಿನ ಒಂದು ಹೊಲ ಒಂದು ಅಂಗುಲವೂ ಸರಿಯದೆ ಎಪ್ಪತ್ತು ವರ್ಷದಲ್ಲಿ ಐದು ವಿಳಾಸ ಕಂಡಿದೆ.

ಇದು ಬರೀ ಬೋರ್ಡ್ ಬದಲಾಯಿಸೋ ವಿಷಯ ಅಲ್ಲ. ಸಂವಿಧಾನದ 371(ಜೆ) ವಿಧಿ 98ನೇ ತಿದ್ದುಪಡಿಯ ಮೂಲಕ ಬಂದಾಗ ಬಳ್ಳಾರಿ ಜಿಲ್ಲೆ ಅದರೊಳಗಿತ್ತು. ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಹೊರಗುಳಿಯಿತು. ಪಕ್ಕದ ಹಡಗಲಿಯ ಹುಡುಗನಿಗೆ ಮೆಡಿಕಲ್ ಸೀಟಿನಲ್ಲಿ, ಸರ್ಕಾರಿ ಕೆಲಸದಲ್ಲಿ ಮೀಸಲಾತಿ. ಗಡಿಯಾಚೆ ಹರಪನಹಳ್ಳಿಯವನಿಗೆ ಇಲ್ಲ. ತಾಲ್ಲೂಕಿನ ಮಂದಿ ವರ್ಷಗಟ್ಟಲೆ ಹೋರಾಡಿದ್ದು ಒಂದು ಕಾಲಂನ ಬೆಲೆಗಾಗಿ ಅಂದರೆ ತಪ್ಪಲ್ಲ.

ಎಂಜಿನಿಯರ್‌ಗೆ ಇದರಲ್ಲಿ ಪಾಠ ಇದೆ. ಜಿಲ್ಲೆಯ ಹೆಸರನ್ನೇ ದಾಖಲೆಯ ಕೀ ಮಾಡಬೇಡಿ. ಅರ್ಥವಿಲ್ಲದ, ಎಂದೂ ಬದಲಾಗದ ಒಂದು ಗುರುತು ಹೊಲಕ್ಕೆ ಕೊಡಿ. ಜಿಲ್ಲೆ, ತಾಲ್ಲೂಕು ಎಲ್ಲ ‘ಇಂದಿನಿಂದ ಇಂದಿನವರೆಗೆ’ ಅನ್ನೋ ದಿನಾಂಕದೊಂದಿಗೆ ಪಕ್ಕದಲ್ಲಿರಲಿ. ಆಗ 1998ರ ಹರಪನಹಳ್ಳಿಯ ಪಟ್ಟಿ ಕೇಳಿದರೂ ಸರಿಯಾಗಿ ಸಿಗುತ್ತೆ, 2022ರದ್ದು ಕೇಳಿದರೂ ಸಿಗುತ್ತೆ. ಕೀಸೆಟ್ ಪೇಜಿನೇಷನ್ ನಂಬಿಕೊಂಡು ನಿಂತಿರೋದೂ ಬದಲಾಗದ ಕೀ ಮೇಲೇ.

ಲಕ್ಷ ಸಾಲು ಯಾರಿಗೆ ಬೇಕು?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಕೇಳಲೇಬೇಕು. ರೈತನಿಗೆ ಬೇಕಾದದ್ದು ಒಂದು ಸಾಲು, ಹೆಚ್ಚೆಂದರೆ ನಾಲ್ಕು. ಲಕ್ಷ ಸಾಲು ಒಟ್ಟಿಗೆ ಬೇಕಾಗೋದು ಯಾರಿಗೆ?

ಸರ್ಕಾರಕ್ಕೆ ಬೇಕು, ನ್ಯಾಯವಾದ ಕಾರಣಕ್ಕೂ ಬೇಕು. 2018ರ ಸಾಲಮನ್ನಾದಲ್ಲಿ ಬ್ಯಾಂಕುಗಳ ಸಾಲದ ಪಟ್ಟಿಯನ್ನು ಆಧಾರ್, ಪಡಿತರ ಚೀಟಿ, ಪಹಣಿ ಜೊತೆ ತಾಳೆ ಹಾಕಿದರು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದಾಗ ಪರಿಹಾರದ ಹಣ ರೈತರ ಖಾತೆಗೆ ನೇರ ಹೋಗಬೇಕಿತ್ತು. ಮಳೆ ಕೈಕೊಡೋದು ನಮ್ಮ ಕಡೆ ಹೊಸದಲ್ಲ. ಶೇಂಗಾ ಒಣಗಿದ ಹೊಲದವನಿಗೆ ಎರಡು ಸಾವಿರವೂ ದೊಡ್ಡದೇ. ಅಂಥ ಕೆಲಸದಲ್ಲಿ ಲಕ್ಷಗಟ್ಟಲೆ ಸಾಲು ಓದಲೇಬೇಕು. ಸಾವಿರ ಸಾಲಿನ ಕಂತು ಓದು, ಮುಗಿಸು, ಎಲ್ಲಿಗೆ ನಿಂತೆ ಅಂತ ಬರೆದಿಡು, ಮುಂದಿನ ಕಂತು ತಗೋ. ನಡುವೆ ಕರೆಂಟ್ ಹೋದರೆ ಮೊದಲಿಂದ ಶುರು ಮಾಡಬಾರದು, ಒಬ್ಬನಿಗೆ ಎರಡು ಸಲ ಹೋಗಬಾರದು, ಒಬ್ಬನೂ ಬಿಟ್ಟುಹೋಗಬಾರದು. ಆಫ್‌ಸೆಟ್‌ನಲ್ಲಿ ಜಾರಿಹೋಗೋ ಆ ಒಂದು ಸಾಲು ಟೆಸ್ಟ್ ರಿಪೋರ್ಟ್‌ನಲ್ಲಿ ಒಂದು ಅಂಕಿ. ಹಳ್ಳಿಯಲ್ಲಿ ಅದು ‘ಎಲ್ಲರಿಗೂ ಬಂತು, ನನಗೆ ಯಾಕೆ ಬರಲಿಲ್ಲ?’ ಅಂತ ಬ್ಯಾಂಕಿಗೂ ನಾಡಕಚೇರಿಗೂ ಅಲೆಯೋ ಒಬ್ಬ ಮನುಷ್ಯ.

ಲಕ್ಷ ಸಾಲು ಬೇಕಾದವರು ಬೇರೆಯವರೂ ಇದ್ದಾರೆ. ಸೊಲೊಮನ್ ಬೆಂಜಮಿನ್ ಮತ್ತು ಜೊತೆಗಾರರು 2007ರಲ್ಲಿ ಬರೆದ ಅಧ್ಯಯನವೊಂದು ಭೂಮಿ ಯೋಜನೆಯನ್ನು ಕಟುವಾಗಿ ಪ್ರಶ್ನಿಸಿತು. ದಾಖಲೆಗಳು ಹಳ್ಳಿಯಿಂದ ಮೇಲಕ್ಕೆ ಹೋಗಿ ಒಂದೆಡೆ ಸೇರಿದಾಗ ಲಾಭ ಆದದ್ದು ಬೆಂಗಳೂರಿನ ಸುತ್ತ ಭೂಮಿ ಕೊಳ್ಳುವ ದೊಡ್ಡವರಿಗೆ, ಸಣ್ಣ ರೈತನಿಗೆ ಕಚೇರಿ ಇನ್ನಷ್ಟು ದೂರ ಆಯಿತು ಅನ್ನೋದು ಅವರ ವಾದ. ಒಪ್ಪೋದು ಬಿಡೋದು ಬೇರೆ ಮಾತು. ಕೈಯಿಂದ ಪಹಣಿ ಬರೆಸಿಕೊಳ್ಳೋಕೆ ವಾರಗಟ್ಟಲೆ ಅಲೆದವರು ನಮ್ಮೂರುಗಳಲ್ಲಿ ಈಗಲೂ ಇದ್ದಾರೆ, ಅವರು ಯಾರೂ ಹಳೇ ಗಂಟು ವಾಪಸ್ ಬರಲಿ ಅನ್ನಲ್ಲ. ಆದರೂ ಆ ವಾದದಲ್ಲಿ ನಮ್ಮಂಥ ಎಂಜಿನಿಯರ್‌ಗಳು ತಪ್ಪಿಸಿಕೊಳ್ಳಲಾಗದ ಒಂದು ಸತ್ಯ ಇದೆ. ಒಂದು ಸಾಲನ್ನು ಬೇಗ ಕೊಡೋ ವ್ಯವಸ್ಥೆಯೂ, ಇಡೀ ತಾಲ್ಲೂಕನ್ನು ಬೇಗ ಜಾಲಿಸೋ ವ್ಯವಸ್ಥೆಯೂ ಒಂದೇ ಅಲ್ಲ. ಎರಡರ ಫಲ ಉಣ್ಣೋರೂ ಒಬ್ಬರೇ ಅಲ್ಲ. ಯಾವುದನ್ನು ಯಾರಿಗೆ ತೆರೆದಿಡಬೇಕು ಅನ್ನೋದು ಪರ್ಫಾರ್ಮೆನ್ಸ್ ಟ್ಯೂನಿಂಗ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ.

ಕೋಡ್ ರಿವ್ಯೂನಲ್ಲಿ ‘ಫೈಂಡ್‌ಆಲ್’ ಅಂತ ಬರೆದದ್ದು ಕಂಡಾಗ ನಾನು ಕೇಳೋದು ಮೂರೇ ಪ್ರಶ್ನೆ. ಇಷ್ಟೂ ಸಾಲು ನಿಜವಾಗಿ ಯಾರಿಗೆ ಬೇಕು? ಬೇಕೇ ಬೇಕು ಅಂದರೆ, ಕೂಡಿಸೋ ಕೆಲಸ ಡೇಟಾ ಇರೋ ಕಡೆಯೇ ಮುಗಿಸಬಹುದಾ? ಮುಗಿಸೋಕೆ ಆಗಲ್ಲ ಅಂದರೆ, ಎಷ್ಟೆಷ್ಟು ಸಾಲಿನ ಕಂತಿನಲ್ಲಿ, ಯಾವ ಬದಲಾಗದ ಕೀ ಹಿಡಿದು ತರ್ತೀರಿ? ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಮೊದಲಿಗೆ ಇದೇನು ಕಿರಿಕಿರಿ ಅಂತ ನೋಡ್ತಾರೆ. ಆಗ ಫೆಚ್ ಸೈಜ್ 10 ಇದ್ದದ್ದನ್ನು 500 ಮಾಡಿ ಅವರ ಮುಂದೆಯೇ ಒಂದು ಸಲ ಓಡಿಸಿ ತೋರಿಸ್ತೀನಿ. ಮಾತು ಬೇಕಾಗಲ್ಲ.